ಪಿಜಿಗೆ ವೈಫೈ ಹಾಕಿಸಿದ್ದು: ದುಡ್ಡಿಗೆ ಮೋಸವಿಲ್ಲ, ಗೋಡೆ ತೂತು ಹಾಗೇ ಇದೆ

ತುಮಕೂರಿನ ಬಟವಾಡಿಯಲ್ಲಿ ನಮ್ಮದೊಂದು ಪಿಜಿ ಇದೆ. 34 ಹುಡುಗರು. ಫೋನು, ಲ್ಯಾಪ್‌ಟಾಪು, ಕೆಲವರ ವಾಚು ಎಲ್ಲಾ ಸೇರಿ 80 ದಾಟುತ್ತವೆ. ರಾತ್ರಿ ಊಟ ಮುಗಿದರೆ ಸಾಕು, "ಆಂಟಿ, ನೆಟ್ ಬರ್ತಿಲ್ಲ" ಅಂತ ಬಾಗಿಲು ಬಡಿಯುತ್ತಿದ್ದರು. 100 ಎಂಬಿಪಿಎಸ್ ಪ್ಲಾನನ್ನು 200ಕ್ಕೆ ಏರಿಸಿದೆ. ದುಡ್ಡು ಹೋಯಿತು, ಗೋಳು ಹೋಗಲಿಲ್ಲ.

ಕೊನೆಗೆ ಎಂ.ಜಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಿಂದ ಹುಡುಗ ಬಂದ. ಲೈನ್ ಸರಿ ಇದೆ, ಇರೋ ಒಂದೇ ರೂಟರಿಗೆ ಜನ ಜಾಸ್ತಿ ಅಂದ. ಒಂದು ಚಾನೆಲ್‌ನಲ್ಲಿ, ಅಂದರೆ ಸಿಗ್ನಲ್ ಓಡಾಡುವ ಒಂದು ದಾರಿಯಲ್ಲಿ, ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಂತೆ. ಬೀದಿ ನಲ್ಲಿ ಸಾಲಿನ ಹಾಗೆ ಅಲ್ವಾ! ಸಿಗ್ನಲ್ ಕಮ್ಮಿ ಇರುವ ಮೂಲೆ ರೂಮಿನವನ ಬಿಂದಿಗೆ ನಿಧಾನಕ್ಕೆ ತುಂಬುತ್ತದೆ, ಹಿಂದಿನವರೆಲ್ಲ ಸುಮ್ನೆ ನಿಲ್ಲಬೇಕು.

ಮಹಡಿಗೊಂದರಂತೆ ವೈಫೈ 6 ಮಾದರಿಯ 3 ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಬಿಡುವ ಡಬ್ಬಿ) ಹಾಕಿ, ಎಲ್ಲಕ್ಕೂ ಕೇಬಲ್ ಎಳೆದ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ 1, 6, 11 ಚಾನೆಲ್‌ಗಳು ಒಂದಕ್ಕೊಂದು ತಾಗುವುದಿಲ್ಲವಂತೆ. ಮಹಡಿಗೊಂದು ಹಂಚಿದ. ಹೊಸ ಫೋನುಗಳನ್ನು 5 ಗಿಗಾಹರ್ಟ್ಸ್ ಅನ್ನೋ ಇನ್ನೊಂದು ಬ್ಯಾಂಡಿಗೆ ತಳ್ಳಿದ. ಆಮೇಲೆ ಮೂರರ ಸಿಗ್ನಲ್ ಪವರ್ ಇಳಿಸಿದ. ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಂದೆ. "ಮೂರೂ ಕೂಗಾಡಿದರೆ ಯಾರ ಮಾತೂ ಕೇಳಲ್ಲ ಮೇಡಂ" ಅಂದ.

ಒಟ್ಟು 23,500 ರೂಪಾಯಿ. ಕರೆಂಟ್ ಹೋದರೆ ಮೂರೂ ಆರುತ್ತವೆ, ಯುಪಿಎಸ್ ಬೇಕು ಅಂತ ಮೊದಲೇ ಹೇಳಲಿಲ್ಲ. ಗೋಡೆ ತೂತಿಗೆ ಸಿಮೆಂಟ್ ಮೆತ್ತಲು ನಾಳೆ ಬರ್ತೀನಿ ಅಂದವನು ಇನ್ನೂ ಬಂದಿಲ್ಲ.

ಪ್ಲಾನ್ ಮತ್ತೆ 100ಕ್ಕೆ ಇಳಿಸಿದ್ದೇನೆ. ಹುಡುಗರಿಗೆ ಗೊತ್ತೇ ಆಗಿಲ್ಲ.