ಸಂಡೂರಿಗೆ ಖಂಡಿತ ಹೋಗಿ, ಇಂಥ ಪ್ಯಾಕೇಜ್ ನಂಬಿ ಮಾತ್ರ ಬೇಡ

ಮಳೆಗಾಲ ಬಂತೆಂದರೆ ಸಂಡೂರಿನ ಹಸಿರು ಬೆಟ್ಟಗಳ ಫೋಟೋ ಹಾಕಿ ‘ಕಣಿವೆ ದರ್ಶನ, ತಾಂಡಾ ಭೇಟಿ’ ಅಂತ ಜಾಹೀರಾತು ಶುರುವಾಗುತ್ತವೆ. ಅಂಥ ಜಾಹೀರಾತು ಹಾಕಿದ ಟೂರ್‌ನವರೊಬ್ಬರಿಗೆ ಪೂರ್ತಿ ಹಣ ಮುಂಗಡ ಕೊಟ್ಟು ನಮ್ಮ ಮನೆಯವರೆಲ್ಲ ಹೋಗಿದ್ದೆವು. ಮೋಸ ಮಾಡಿದರು.

ಹೊಸಪೇಟೆಗೆ ಬೆಳಿಗ್ಗೆ ಬರಬೇಕಿದ್ದ ಗಾಡಿ ಬಂದದ್ದು ಮಧ್ಯಾಹ್ನ. ನಾರಿಹಳ್ಳ ಬೆಟ್ಟ ಸೀಳಿಕೊಂಡು ಹರಿಯುವ ಭೀಮಗಂಡಿ, ಓಬಳಗಂಡಿ ಎರಡೂ ಪಟ್ಟಿಯಲ್ಲಿದ್ದವು. ‘ರಸ್ತೆ ಬಂದ್’ ಅಂದರು. ಊರಲ್ಲಿ ವಿಚಾರಿಸಿದರೆ ಯಾವ ರಸ್ತೆಯೂ ಬಂದ್ ಆಗಿರಲಿಲ್ಲ.

ಕುಮಾರಸ್ವಾಮಿ ಬೆಟ್ಟದಲ್ಲಿ ಗೈಡ್ ‘ಇದೆಲ್ಲ ವಿಜಯನಗರದವರು ಕಟ್ಟಿಸಿದ್ದು, ಬೇಗ ನೋಡಿ’ ಅಂತ ಅವಸರ ಮಾಡಿದ. ಅಲ್ಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ವಿಜಯನಗರಕ್ಕಿಂತ ಎಷ್ಟೋ ಹಳೆಯದು! ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದಾಗ, 1932ರಲ್ಲೇ, ಕುಮಾರಸ್ವಾಮಿ ದೇವಸ್ಥಾನವನ್ನು ದಲಿತರಿಗೆ ತೆರೆದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಇಷ್ಟು ದೊಡ್ಡ ವಿಷಯ ಮಕ್ಕಳಿಗೆ ಹೇಳದೆ ಇಳಿಸಿಕೊಂಡು ಬರುವುದು ಅನ್ಯಾಯ ಅಲ್ವಾ?

ಎಲ್ಲಕ್ಕಿಂತ ಬೇಜಾರಾದದ್ದು ಲಂಬಾಣಿಗರ ತಾಂಡಾದಲ್ಲಿ. ನಾವು ಬರುವ ವಿಷಯವೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಹಣದಲ್ಲಿ ಒಂದು ಪೈಸೆಯೂ ಅವರಿಗೆ ಹೋಗಿರಲಿಲ್ಲ. ಗೈಡ್ ಮಾತ್ರ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ‘ಫೋಟೋ ತಗೊಳ್ಳಿ’ ಅಂದ. ‘ಯಾರನ್ನ ಕೇಳಿ ಬಂದ್ರಿ?’ ಅಂತ ಒಬ್ಬ ಅಜ್ಜಿ ಕೇಳಿದರು. ನಾವು ಕ್ಷಮೆ ಕೇಳಿ ಹೊರಟೆವು. ತಾಂಡಾ ಅಂದರೆ ಜನರ ಮನೆ, ಪ್ರದರ್ಶನ ಅಲ್ಲ.

ವಾಪಸ್ ಬರುವಾಗ ಒಂದು ಅಂಗಡಿಗೆ ಕರೆದೊಯ್ದು ‘ಅಸಲಿ ಲಂಬಾಣಿ ಕಸೂತಿ’ ಅಂತ ಬ್ಯಾಗು, ದಿಂಬಿನ ಕವರು ತೋರಿಸಿದರು. ನನ್ನ ಅಕ್ಕ ಹೊಲಿಗೆ ಬಲ್ಲವಳು. ಬಟ್ಟೆ ತಿರುಗಿಸಿ ನೋಡಿ ‘ಇದು ಮಷೀನಿನದು’ ಅಂದಳು. ಮಷೀನಿನದಾದರೆ ಹಿಂಭಾಗದಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ದಾರ ಎಲ್ಲ ಕಡೆ ಒಂದೇ ಸಮ ಓಡಿರುತ್ತದೆ. ಕೈಹೊಲಿಗೆಯಲ್ಲಿ ಮುಂದಿನ ಬಣ್ಣಗಳೇ ಹಿಂದೆಯೂ ಕಾಣುತ್ತವೆ, ಗಂಟುಗಳಿರುತ್ತವೆ, ಹೊಲಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಕನ್ನಡಿಯ ಸುತ್ತ ದಾರ ಬಿಗಿದಿದೆಯಾ, ಸುಮ್ನೆ ಅಂಟಿಸಿದ್ದಾರಾ ಅಂತಲೂ ನೋಡಿ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆ ಹೆಸರಲ್ಲಿ ಮಷೀನಿನ ಮಾಲು ಮಾರಿದರೆ ಹೊಲಿದು ಬದುಕುವ ಹೆಂಗಸರ ಹೊಟ್ಟೆಗೇ ಹೊಡೆತ. ಕೊಳ್ಳುವುದಾದರೆ ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಹೋಗಿ.

ಹಣ ವಾಪಸ್ ಕೇಳಿದ್ದಕ್ಕೆ ನಮ್ಮ ನಂಬರ್ ಬ್ಲಾಕ್ ಮಾಡಿದರು. ಪಾವತಿಯ ದಾಖಲೆ ಇಟ್ಟುಕೊಂಡಿದ್ದೇವೆ, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಹೊಸಪೇಟೆಯಿಂದ ಸಂಡೂರು ಸುಮಾರು 30 ಕಿಲೋಮೀಟರ್, ಬಸ್ಸುಗಳಿವೆ. ನೀವೇ ಹೋಗಿ. ಅದಿರಿನ ಲಾರಿ ಜಾಸ್ತಿ, ಸ್ವಂತ ಗಾಡಿಯಾದರೆ ಕತ್ತಲಾಗುವ ಮುಂಚೆ ವಾಪಸ್ ಹೊರಡಿ. ಯಾರಾದರೂ ‘ತಾಂಡಾ ಭೇಟಿ’ ಅಂತ ಪೂರ್ತಿ ಹಣ ಮೊದಲೇ ಕೇಳಿದರೆ, ಯಾವ ತಾಂಡಾ, ಅಲ್ಲಿ ಯಾರ ಒಪ್ಪಿಗೆ ಪಡೆದಿದ್ದೀರಿ ಅಂತ ಕೇಳಿ. ಉತ್ತರ ಬರದಿದ್ದರೆ ಹಣ ಕಳಿಸಬೇಡಿ.