ಮರೆಯುವ ಜೆಲ್, ಮರೆಯದ ಜೆಲ್

ಸೀಸೆಯನ್ನು ಗರಗರ ತಿರುಗಿಸಿ ಥಟ್ಟನೆ ನಿಲ್ಲಿಸಿದೆ. ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ತುಸು ಮುಂದೆ ಹೋಗಿ, ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದವು. ಸೀಟಿಲ್‌ಪಿರಿಡಿನಿಯಂ ಕ್ಲೋರೈಡ್‌ಗೆ ಸೋಡಿಯಂ ಸ್ಯಾಲಿಸಿಲೇಟ್ ಬೆರೆಸಿದ ನೀರು ಅದು, ತೊಂಬತ್ತು ಪಾಲಿಗೂ ಹೆಚ್ಚು ಬರೀ ನೀರೇ. ಪಕ್ಕದ ಸೀಸೆಯಲ್ಲಿ ಮೇಣದಂಥ ಸೀಟೋಸ್ಟಿಯರಿಲ್ ಆಲ್ಕೋಹಾಲ್ ಮತ್ತು ಸಿಟ್ಯಾಬ್ (CTAB) ಎಂಬ ಸೋಪಿನಂಥ ರಾಸಾಯನಿಕ ಸೇರಿಸಿ ಕಾಯಿಸಿ ಆರಿಸಿದ ಬಿಳಿ ಜೆಲ್. ಅದನ್ನೂ ಹಾಗೇ ತಿರುಗಿಸಿದೆ. ಗುಳ್ಳೆ ಇದ್ದಲ್ಲೇ ಇತ್ತು, ಜಪ್ಪಯ್ಯ ಅನ್ನಲಿಲ್ಲ.

ಎರಡನ್ನೂ ಜನ ‘ಸರ್ಫ್ಯಾಕ್ಟೆಂಟ್ ಜೆಲ್’, ಅಂದರೆ ಸೋಪಿನಂಥ ಅಣುಗಳ ಜೆಲ್, ಎಂದೇ ಕರೆಯುತ್ತಾರೆ. ಹರಿವಿಗೆ ಸಿಕ್ಕಿದಾಗ ಮಾತ್ರ ಇವು ಒಂದೇ ಜಾತಿಯವಲ್ಲ.

ಮೊದಲನೆಯದರಲ್ಲಿ ಅಣುಗಳು ಉದ್ದುದ್ದ ಹುಳುಗಳಂತೆ ಸೇರಿಕೊಂಡು ಸಿಕ್ಕುಸಿಕ್ಕಾಗಿರುತ್ತವೆ. ಉದ್ದ ಸರಪಳಿ ಅಣುಗಳ ಪಾಲಿಮರ್‌ಗೂ ಇದಕ್ಕೂ ವ್ಯತ್ಯಾಸ ಏನೆಂದರೆ, ಈ ಹುಳುಗಳು ತಾವಾಗಿಯೇ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತಲೇ ಇರುತ್ತವೆ. ಈ ಮುರಿ-ಕೂಡು ಆಟ ಸಾಕಷ್ಟು ವೇಗವಾಗಿದ್ದರೆ ಇಡೀ ಜೆಲ್‌ನ ನೆನಪು ಒಂದೇ ಒಂದು ಕಾಲಮಾನಕ್ಕೆ ಇಳಿಯುತ್ತದೆ ಎಂದು ಭೌತವಿಜ್ಞಾನಿ ಮೈಕಲ್ ಕೇಟ್ಸ್ 1987ರಲ್ಲಿ ತೋರಿಸಿದರು. ನನ್ನ ಸೀಸೆಯಲ್ಲಿ ಅದು ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತಾದರೆ ಹಿಂದೆ ಏನಾಯಿತೆಂಬುದು ಅದಕ್ಕೆ ನೆನಪೇ ಇರುವುದಿಲ್ಲ.

ಹರಿವನ್ನು ಅಳೆಯುವ ಯಂತ್ರವಾದ ರಿಯೋಮೀಟರಿಗೆ ಹಾಕಿದಾಗ ಇದು ನನ್ನನ್ನು ಚೆನ್ನಾಗಿಯೇ ಏಮಾರಿಸಿತು. ಶಿಯರ್ ವೇಗ, ಅಂದರೆ ಪದರದ ಮೇಲೆ ಪದರ ಜಾರಿಸುವ ವೇಗ, ಏರಿಸುತ್ತಾ ಹೋದೆ; ಅದಕ್ಕೆ ಜೆಲ್ ಒಡ್ಡುವ ಪ್ರತಿಬಲ, ಅಂದರೆ ಸ್ಟ್ರೆಸ್, ಒಂದು ಮಟ್ಟಕ್ಕೆ ಬಂದು ಅಲ್ಲೇ ಕುಳಿತುಬಿಟ್ಟಿತು. ಯಂತ್ರ ಕೆಟ್ಟಿತೆಂದುಕೊಂಡು ಮೂರು ಸಲ ಸೊನ್ನೆ ಹೊಂದಿಸಿದೆ. ಕೆಟ್ಟದ್ದು ನನ್ನ ಊಹೆ. ಆ ಹಂತದಲ್ಲಿ ಜೆಲ್ ಎರಡು ಪಟ್ಟಿಗಳಾಗಿ ಒಡೆದಿರುತ್ತದೆ: ಒಂದರಲ್ಲಿ ಹುಳುಗಳು ಹರಿವಿನ ದಿಕ್ಕಿಗೆ ಸಾಲುಗಟ್ಟಿ ಸಲೀಸಾಗಿ ಜಾರುತ್ತವೆ, ಇನ್ನೊಂದರಲ್ಲಿ ಸಿಕ್ಕು ಸಿಕ್ಕಾಗಿಯೇ ಉಳಿಯುತ್ತದೆ. ವೇಗ ಹೆಚ್ಚಿಸಿದರೆ ಜಾರುವ ಪಟ್ಟಿ ಅಗಲವಾಗುತ್ತದೆ, ಸ್ಟ್ರೆಸ್ ಏರುವುದಿಲ್ಲ. ಅಲ್ಲಿ ಪರದೆಯ ಮೇಲೆ ಕಾಣುವ ಸ್ನಿಗ್ಧತೆಯ ಅಂಕಿ ಎರಡೂ ಪಟ್ಟಿಗಳ ಸರಾಸರಿ ಅಷ್ಟೆ, ಯಾವುದೊಂದರದ್ದೂ ಅಲ್ಲ. ಇನ್ನೂ ಜೋರು ಮಾಡಿದರೆ ಸ್ಯಾಂಪಲ್ ಯಂತ್ರದಲ್ಲಿ ತಿರುಗುವ ಕೋನ್‌ನ ಅಂಚಿನಿಂದ ಹೊರಗೇ ಚಿಮ್ಮುತ್ತದೆ. ಒರೆಸಲು ಬಟ್ಟೆ ಹತ್ತಿರ ಇರಲಿ.

ಬಿಳಿ ಜೆಲ್‌ನ ತಕರಾರು ಬೇರೆ. ಇದರಲ್ಲಿ ಹುಳುಗಳಿಲ್ಲ, ಎರಡು ಅಣು ದಪ್ಪದ ಪದರಗಳು, ನಡುವೆ ನೀರು. ಒಂದೇ ಅಳತೆ, ಒಂದೇ ತೂಕದಲ್ಲಿ ಎರಡು ಬೀಕರ್ ಮಾಡಿದೆ. ಒಂದನ್ನು ಆರುವಾಗ ನಿಧಾನಕ್ಕೆ ತಿರುವಿದೆ, ಇನ್ನೊಂದಕ್ಕೆ ಗಟ್ಟಿಯಾಗತೊಡಗಿದ ಮೇಲೂ ಜೋರಾಗಿ ಕಡೆಯುವ ಹೋಮೊಜಿನೈಸರ್ ಬಿಟ್ಟೆ. ಮೊದಲನೆಯದರಲ್ಲಿ ಚಮಚ ಎತ್ತಿದರೆ ಚೂಪು ತುದಿ ನಿಲ್ಲುತ್ತದೆ. ಎರಡನೆಯದು ಸುರಿಯುವಷ್ಟು ತೆಳು. ಮರುದಿನವೂ ತೆಳುವೇ. ಎಲ್ಲವನ್ನೂ ಮತ್ತೆ ಕಾಯಿಸಿ ಕರಗಿಸಿ ಆರಿಸಿದ ಮೇಲಷ್ಟೇ ಮೊದಲ ರೂಪಕ್ಕೆ ಬಂತು.

ಅಳತೆಯಲ್ಲೂ ಇದೇ ಕಾಟ. ರಿಯೋಮೀಟರಿನ ಮೇಲಿನ ಪ್ಲೇಟ್ ಇಳಿಸುವಾಗ ಜೆಲ್ ಹಿಂಡಿಹೋಗುತ್ತದಲ್ಲ, ಅದೂ ಒಂದು ಹರಿವೇ! ಮೂರು ಸಲ ಹಾಕಿದೆ, ಗ್ರಾಫಿನಲ್ಲಿ ಮೂರು ಬೇರೆ ಬೇರೆ ಗೆರೆ. ಪ್ರತಿ ಸಲ ಒಂದೇ ವೇಗದಲ್ಲಿ ಒಂದೇ ಹೊತ್ತು ತಿರುವಿ, ಅಷ್ಟೇ ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಅಳೆದಾಗ ಗೆರೆಗಳು ಒಂದರ ಮೇಲೊಂದು ಕೂತವು. ಹುಳು ಜೆಲ್‌ಗೆ ಈ ಉಪಚಾರ ಬೇಕಿಲ್ಲ, ಅದಕ್ಕೆ ಉಷ್ಣತೆ ಮಾತ್ರ ಅಲುಗಬಾರದು.

ಹರಿವು ಪದರಗಳನ್ನು ಹಾಳುಮಾಡುತ್ತದೆ ಎಂದಷ್ಟೇ ತಿಳಿದರೆ ಅರ್ಧ ಸತ್ಯ. ಕಟ್ಟುವುದೂ ಉಂಟು. ಡಿಯಾ, ರೂ, ನಲ್ಲೆ ಎಂಬ ಫ್ರಾನ್ಸಿನ ಮೂವರು 1993ರಲ್ಲಿ ಪ್ರಕಟಿಸಿದಂತೆ, ಮೆತ್ತನೆಯ ಲ್ಯಾಮೆಲ್ಲಾರ್ (ಪದರ ಪದರವಾದ) ದ್ರವವನ್ನು ತಕ್ಕ ವೇಗದಲ್ಲಿ ತಿರುವಿದರೆ ಪದರಗಳು ಸುತ್ತಿಕೊಂಡು ಈರುಳ್ಳಿಯಂಥ ಉಂಡೆಗಳಾಗುತ್ತವೆ. ಗಾತ್ರವೂ ಕೈಯಲ್ಲೇ: ಶಿಯರ್ ವೇಗ ನಾಲ್ಕು ಪಟ್ಟಾದರೆ ಉಂಡೆ ಅರ್ಧಕ್ಕೆ ಇಳಿಯುತ್ತದೆ.

ಹರಿವಿನ ಆಟ ಕಣ್ಣಾರೆ ನೋಡಬೇಕೆನ್ನುವವರಿಗೆ ನನ್ನ ಓಟು ಹುಳು ಜೆಲ್‌ಗೇ. ಅಡ್ಡಡ್ಡ ಇಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಸೀಸೆ ಹಿಡಿಯಿರಿ: ಸುಮ್ಮನಿದ್ದಾಗ ಕಪ್ಪು, ಅಲುಗಿಸಿದರೆ ಬೆಳಕಿನ ಪಟ್ಟೆಗಳು ಏಳುತ್ತವೆ, ನಿಲ್ಲಿಸಿದ ಕೆಲವೇ ಸೆಕೆಂಡಿಗೆ ಮತ್ತೆ ಕಪ್ಪು. ಬಳಸುವ ವಸ್ತು ಮಾಡುವವರಿಗೆ ಬಿಳಿ ಜೆಲ್ಲೇ ಸರಿ, ಇಟ್ಟ ಜಾಗದಲ್ಲಿ ನಿಲ್ಲುತ್ತದೆ. ಆದರೆ ನೋಟ್‌ಬುಕ್ಕಿನಲ್ಲಿ ಅಳತೆಯ ಪಕ್ಕ ಎಷ್ಟು ವೇಗದಲ್ಲಿ, ಎಷ್ಟು ಹೊತ್ತು, ಯಾವ ಉಷ್ಣತೆಯವರೆಗೆ ತಿರುವಿದಿರೆಂದು ಬರೆದಿಡಿ. ನನ್ನ ಮೊದಲ ಆರು ಬೀಕರ್‌ಗಳಿಗೆ ಬರೆದಿಡದೆ, ಆರನ್ನೂ ಚೆಲ್ಲಬೇಕಾಯಿತು.