ಬಳ್ಳಾರಿಯ ಡಚ್ ಸಂಜೆ ತರಗತಿ: ಪದ ಬಿಡಿಸುವುದರಲ್ಲಿ ಗಟ್ಟಿ, ಒತ್ತಿನಲ್ಲಿ ಸಡಿಲ

ಬಳ್ಳಾರಿಯ ರಾಯಲ್ ಸರ್ಕಲ್ ಸಮೀಪ, ನೆದರ್ಲೆಂಡ್ಸಿಗೆ ಹೊರಟವರಿಗೆಂದು ನಡೆಯುವ ಈ ತರಗತಿಗೆ ಸಮಾಸಪದಗಳ ಪಾಠಕ್ಕಾಗಿಯೇ ಸೇರಬಹುದು. ಉದ್ದನೆಯ ಪದವನ್ನು ಹಿಂದಿನಿಂದ ಬಿಡಿಸುವುದನ್ನು ಮೊದಲ ದಿನವೇ ಕಲಿಸುತ್ತಾರೆ. ಅದೇ ಸರಿಯಾದ ಕ್ರಮ. ತತ್ಪುರುಷದಲ್ಲಿ ಉತ್ತರಪದ ಪ್ರಧಾನವಾಗುವಂತೆ ಡಚ್ಚಿನಲ್ಲೂ ಕೊನೆಯ ಪದವೇ ಯಜಮಾನ. ಇಂಗ್ಲಿಷಿನ 'ದಿ'ಯಂತೆ ಡಚ್ ನಾಮಪದದ ಮುಂದೆ 'ಡೆ' ಅಥವಾ 'ಹೆಟ್' ಬರುತ್ತದೆ. ಟಾಫೆಲ್ (ಮೇಜು) 'ಡೆ' ಗುಂಪಿನದು, ಬ್ಲಾಡ್ (ಹಲಗೆ) 'ಹೆಟ್' ಗುಂಪಿನದು. ಕೂಡಿದಾಗ 'ಹೆಟ್ ಟಾಫೆಲ್‌ಬ್ಲಾಡ್'.

ಕ್ವಾರ್ಟ್‌ಸ್ಲಾಗೆನ್ ಎಂಬ ಪದದ ಅಭ್ಯಾಸವಂತೂ ಬಹಳ ಚೆನ್ನಾಗಿದೆ. ಕ್ವಾರ್ಟ್+ಸ್ಲಾಗೆನ್ ಎಂದು ಒಡೆದರೆ ಕಾಲುಭಾಗದ ಸುತ್ತುಗಳು. ಕ್ವಾರ್ಟ್ಸ್+ಲಾಗೆನ್ ಎಂದರೆ ಬೆಣಚುಕಲ್ಲಿನ ಪದರಗಳು. ಬರವಣಿಗೆ ಒಂದೇ. ಗೊಂದಲವಾಗುವ ಕಡೆ ನಡುವೆ ಅಡ್ಡಗೆರೆ ಹಾಕಬಹುದು.

ಬೂಕ್, ಕಸ್ಟ್ ಸೇರಿ ಬೂಕೆನ್‌ಕಸ್ಟ್, ಅಂದರೆ ಪುಸ್ತಕದ ಕಪಾಟು. ನಡುವಿನ ನಕಾರ ಬರೆಯಲೇಬೇಕು, ಮಾತಿನಲ್ಲಿ ಬಹುತೇಕ ಕೇಳಿಸದು. ಪನ್ನೆಕೂಕ್ ಎಂಬ ದೋಸೆಯಂಥ ತಿಂಡಿಯ ಹೆಸರಿಗೆ ಈ ನಕಾರ ಸೇರಿದ್ದು 1995ರ ಕಾಗುಣಿತ ಬದಲಾವಣೆಯಲ್ಲಿ. ಹಳೆಯ ಪುಸ್ತಕ ಹಿಡಿದವರು ಇಲ್ಲಿ ಎಡವುತ್ತಾರೆ. ಝಕ್+ಡೂಕ್ (ಕರವಸ್ತ್ರ) ಬಾಯಲ್ಲಿ ಝಗ್‌ಡೂಕ್ ಆಗುವುದನ್ನು ವಾಕ್+ದೇವಿ=ವಾಗ್ದೇವಿ ಪಕ್ಕದಲ್ಲೇ ಬರೆದು ತೋರಿಸುತ್ತಾರೆ. ವ್ಯತ್ಯಾಸ ಇಷ್ಟೇ: ಡಚ್ಚರು ಬರೆಯುವಾಗ ಕಕಾರವನ್ನೇ ಉಳಿಸಿಕೊಳ್ಳುತ್ತಾರೆ.

ಕೊರತೆ ಇರುವುದು ಒತ್ತಿನಲ್ಲಿ. ಒತ್ತಕ್ಷರವಲ್ಲ, ದನಿಯ ಒತ್ತು. ಕನ್ನಡದ ಬಾಯಿಗೆ ಎಲ್ಲ ಉಚ್ಚಾರಾಂಶವೂ ಹೆಚ್ಚುಕಡಿಮೆ ಸಮತೂಕ. ಅದೇ ರೂಢಿಯಲ್ಲಿ ಬೂ-ಕೆ-ಕಸ್ಟ್ ಎಂದರೆ ಡಚ್ಚರ ಕಿವಿಗೆ ಬಿಡಿಬಿಡಿ ಚೂರುಗಳು. 'ಬೂ' ಮೇಲೆ ಪೂರ್ತಿ ಭಾರ ಬೀಳಬೇಕು, 'ಕೆ' ಅರ್ಧ ನುಂಗಿದಂತಿರಬೇಕು, 'ಕಸ್ಟ್'ಗೆ ಅರೆಭಾರ ಸಾಕು. ಮೊದಲ ಪದದ ಒತ್ತೇ ಇಡೀ ಸಮಾಸದ ಒತ್ತು, ಇದು ಸಾಮಾನ್ಯ ನಿಯಮ. ಸ್ಟಟ್‌ಹಾಯ್ಸ್ (ನಗರಾಡಳಿತ ಭವನ) ಅಪವಾದ, ಒತ್ತು 'ಹಾಯ್ಸ್' ಮೇಲೆ. ಬುರ್ಗೆಮೇಸ್ಟರ್ (ಮೇಯರ್) ಪದದಲ್ಲಿ 'ಮೇ' ಮೇಲೆ. ಅಲ್ಲಿಗೆ ಹೋದವರ ಬಾಯಲ್ಲಿ ಬೇಗನೇ ಬರುವ ಪದಗಳಿವು, ಆದರೂ ಅಭ್ಯಾಸದ ಹಾಳೆಗಳಲ್ಲಿ ಒತ್ತಿನ ಗುರುತೇ ಇಲ್ಲ. ಬೋಧಕರೂ ಬಿಡಿಸಿ ಬಿಡಿಸಿ ಓದುತ್ತಾರೆ. ಅರ್ಥ ತಿಳಿಯಲು ಅದು ಒಳ್ಳೆಯದು, ನಾಲಿಗೆಗೆ ಮಾತ್ರ ತಪ್ಪು ರೂಢಿ ಅಂಟುತ್ತದೆ.

ಸೇರುವವರು ಹಾಳೆ ಕೈಗೆ ಬಂದ ಕೂಡಲೇ ಪ್ರತಿ ಪದವನ್ನೂ ಬೋಧಕರಿಂದ ಒಂದೇ ಉಸಿರಿನಲ್ಲಿ ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಒತ್ತು ಬಿದ್ದ ಕಡೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಲಿ. ಕೇಳಿದರೆ ಅವರು ಬೇಡವೆನ್ನುವುದಿಲ್ಲ.